ಮರಳಿನ ಬದಲಿಗೆ

ಶೆಡ್ಡಿನ ಮೇಲೆ ಬಿಳಿ ಧೂಳು ಎದ್ದಿದ್ದು ಅವಳಿಗೆ ದೊಡ್ಡ ರಸ್ತೆಯ ತಿರುವಿನಲ್ಲೇ ಕಾಣಿಸಿತು. ಮುಂದೆ ಸಿಮೆಂಟಿನ ಲಾರಿ, ಪಕ್ಕದಲ್ಲಿ ಶಾಲೆಯ ಬಸ್ಸು, ಹಿಂದೆ ಹಾರ್ನಿನ ಮೇಲೆ ಕೈಯಿಟ್ಟು ಮರೆತವನೊಬ್ಬ. ಸ್ಕೂಟರು ಅಲ್ಲಾಡುವಂತಿರಲಿಲ್ಲ. ಬೇರೆ ಯಾರಾದರೂ ನೋಡಿದ್ದರೆ ಎಲ್ಲೋ ಕಸಕ್ಕೆ ಬೆಂಕಿ ಹಾಕಿದ್ದಾರೆ ಅಂದುಕೊಳ್ಳುತ್ತಿದ್ದರು. ಅವಳು ಆ ಧೂಳನ್ನು ನೋಡುತ್ತಲೇ ಬೆಳೆದವಳು. ಹಿಟ್ಟಿನ ಗಿರಣಿಯ ಬಾಗಿಲು ತೆರೆದಂತೆ ಮೆತ್ತಗೆ ಎದ್ದು, ಇಳಿಯಲು ಮನಸ್ಸಿಲ್ಲದೆ ಗಾಳಿಯಲ್ಲೇ ನಿಲ್ಲುವ ಆ ಬಿಳುಪು ಮರಳಿನದು, ಬೇರೆ ಯಾವುದರದ್ದೂ ಅಲ್ಲ. ಬೆಳಿಗ್ಗೆ ಹೊರಡುವಾಗ ಬಿಡಿಸಿ ಬಿಡಿಸಿ ಹೇಳಿದ್ದಳು, ಇವತ್ತಿನಿಂದ ಯಾರೂ ಮರಳು ಮುಟ್ಟಬಾರದು ಎಂದು. ಎಲ್ಲರೂ ಗೋಣು ಆಡಿಸಿದ್ದರು. ಗೋಣು ಆಡಿಸುವುದಕ್ಕೇನು, ಅದಕ್ಕೆ ಖರ್ಚಿಲ್ಲವಲ್ಲ.

"ಮುಂದೆ ಹೋಗ್ರೀ!" ಎಂದು ಲಾರಿಯ ಬೆನ್ನಿಗೆ ಕೂಗಿದಳು. ಲಾರಿ ಕೇಳಿಸಿಕೊಳ್ಳಲಿಲ್ಲ. ಅವಳ ಮಾತನ್ನು ಕೇಳಿಸಿಕೊಳ್ಳದವರ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೇ.

ಗೇಟಿನ ಒಳಗೆ ಕಂಪ್ರೆಸರಿನ ಸದ್ದು ಹಲ್ಲುಗಳನ್ನೇ ಅಲುಗಿಸುತ್ತಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆ ಗುಡುಗು ಕುಳಿತಿದ್ದ. ವರ್ಷಗಟ್ಟಲೆ ಆ ಯಂತ್ರದ ಬಗಲಲ್ಲಿ ಕೂತು ಅವನ ಕಿವಿ ಮಂದವಾಗಿತ್ತು. ತನಗೆ ಕೇಳಿಸದ್ದು ಯಾರಿಗೂ ಕೇಳಿಸದು ಎಂದುಕೊಂಡು ಗುಟ್ಟಿನ ಮಾತನ್ನೂ ಬೀದಿಗೆ ಮುಟ್ಟುವಂತೆ ಆಡುತ್ತಿದ್ದ. ಆ ಹೆಸರು ಬಂದಿದ್ದು ಹಾಗೆ.

"ನಾನು ಬೇಡ ಅಂದೆ ಅಕ್ಕಾ!" ಎಂದ, ಅವಳನ್ನು ಕಂಡೊಡನೆ ಎದ್ದು ನಿಂತು. ಅವಳು ಇನ್ನೂ ಏನನ್ನೂ ಕೇಳಿರಲಿಲ್ಲ.

ಅವಳು ನೇರ ಹೋಗಿ ಕಂಪ್ರೆಸರನ್ನು ಆರಿಸಿದಳು. ಮರಳು ತುಂಬುವ ಕಬ್ಬಿಣದ ಪಾಟಿನಿಂದ ಹೊರಟು ಉಬ್ಬಿ ನೆಟ್ಟಗಿದ್ದ ದಪ್ಪ ಪೈಪು ಉಸ್ಸೆಂದು ನೆಲಕ್ಕೆ ಒರಗಿತು. ಅಂಗಳದಲ್ಲಿ ಅಡ್ಡ ಮಲಗಿಸಿದ್ದ ಸಾಬೂನು ಕಾರ್ಖಾನೆಯ ಟ್ಯಾಂಕು ಒಂದು ಸಣ್ಣ ಮನೆಯಷ್ಟಿತ್ತು. ಅದರ ನೆತ್ತಿಯ ಕಿಂಡಿಯಿಂದ ಮೊದಲು ಧೂಳು ಬಂತು, ಆಮೇಲೆ ಎರಡು ಕೈಗವಸು, ಕೊನೆಗೆ ಮುಖವನ್ನೂ ಮುಚ್ಚುವ ಹಳೇ ಟೋಪದೊಳಗಿನ ಚಿಕ್ಕಪ್ಪನ ತಲೆ. ಟೋಪದ ಕತ್ತಿನ ಪಟ್ಟಿ ಹರಿದು ಹೋಗಿ ಅಲ್ಲಿಗೆ ಒದ್ದೆ ಟವೆಲು ಸುತ್ತಿಕೊಂಡಿದ್ದರು. ಗಾಳಿಯ ಕೊಳವೆಯಿದ್ದ ಹೊಸ ಟೋಪವನ್ನು ಅವಳೇ ತಂದುಕೊಟ್ಟಿದ್ದಳು. ಅದು ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ಬಿಚ್ಚಿಸಿಕೊಳ್ಳದೆ ಗೂಟಕ್ಕೆ ನೇತುಬಿದ್ದಿತ್ತು.

"ಯಾರು ಆರಿಸಿದ್ದು?"

"ನಾನು. ಪಾಟಲ್ಲಿ ಏನಿದೆ ಚಿಕ್ಕಪ್ಪ?"

"ಏನಿರತ್ತೆ ಪುಟ್ಟಿ? ಇರೋದು ಇದೆ." ಕೂದಲಿಗೆ ಬಣ್ಣ ಹಚ್ಚುವ ವಯಸ್ಸಾದರೂ ಅವರಿಗೆ ಅವಳು ಪುಟ್ಟಿಯೇ.

"ಮರಳಾ?"

"ಪೂರ್ತಿ ಮರಳಲ್ಲ. ಮೇಲೆ ಒಂದು ಹಿಡಿ ನಿನ್ನ ಕೆಂಪು ಪುಡೀನೂ ಹಾಕಿದೀನಿ."

"ಯಾಕೆ, ಅಲಂಕಾರಕ್ಕಾ?"

ಗುಡುಗು ನಕ್ಕ. ಅವಳು ತಿರುಗಿ ನೋಡಿದ ಮೇಲೆ ಕೆಮ್ಮಿದ.

ಆ ಕೆಂಪು ಪುಡಿಯ, ಗಾರ್ನೆಟ್ಟಿನ, ಚೀಲಗಳು ಶೆಡ್ಡಿನ ಗೋಡೆಗೆ ಒರಗಿ ಹೊಲಿಗೆ ಬಿಚ್ಚದೆ ಕುಳಿತಿದ್ದವು. ಒಂದರ ಮೇಲೆ ಯಾರೋ ಊಟದ ಡಬ್ಬಿ ಇಟ್ಟಿದ್ದರು. ಆ ಚೀಲಗಳನ್ನು ತರಿಸಲು ಅವಳು ಎಷ್ಟು ಜನರ ಕಾಲು ಹಿಡಿದಿದ್ದಳೋ ಅವಳಿಗೇ ಗೊತ್ತು. ಅವಳು ಗಂಡನಿಗೆ ಫೋನು ಮಾಡಿದಳು. ಸಾಮಾನು ತರಿಸುವುದು, ಸಾಗಿಸುವುದು, ಗಿರಾಕಿಗಳ ಜೊತೆ ಮಾತಾಡುವುದು ಅವನ ಪಾಲಿನ ಕೆಲಸ. ಮೂರರಲ್ಲಿ ಮಾತಾಡುವುದನ್ನು ಮಾತ್ರ ಅವನು ಶ್ರದ್ಧೆಯಿಂದ ಮಾಡುತ್ತಿದ್ದ.

"ಹಿಂದುಗಡೆ ಮರಳಿನ ರಾಶಿ ಹಾಗೇ ಬಿದ್ದಿದೆಯಲ್ರೀ, ಸಾಗಿಸಿ ಅಂದಿದ್ದೆ?"

"ಹೇಳಿದೀನಿ. ಬರ್ತೀನಿ ಅಂದಿದಾನೆ."

"ಯಾರು?"

"ಅದೇ, ಬರ್ತೀನಿ ಅಂದೋನು."

ಅವಳು ಕಣ್ಣು ಮುಚ್ಚಿ ತೆರೆದಳು. ಆ ಕಡೆಯಿಂದ ಅವನ ದನಿ ತಗ್ಗಿತು. "ನೋಡು, ರೇಗಬೇಡ. ಟ್ಯಾಂಕು ಕೊಡೋ ದಿನ ಹತ್ರ ಬಂತು. ಇದೊಂದನ್ನ ಮರಳಲ್ಲೇ ಮುಗಿಸ್ಲಾ ಅಂತ ಚಿಕ್ಕಪ್ಪ ಕೇಳಿದ್ರು. ನಾನು ಹ್ಞೂಂ ಅಂದೆ. ಒಂದು ಟ್ಯಾಂಕಿಗೆ ಏನಾಗತ್ತೆ ಹೇಳು?"

"ಅಪ್ಪನೂ ಒಂದೊಂದೇ ಟ್ಯಾಂಕು ಮಾಡಿದ್ದು" ಎಂದು ಫೋನಿಟ್ಟಳು.

ಈ ಶೆಡ್ಡು ಕಟ್ಟಿದ್ದು ಅಪ್ಪ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಗಾಳಿಯ ರಭಸದಲ್ಲಿ ಮರಳು ಎರಚಿ, ಬಣ್ಣ ಬಳಿಯುವ ಮೊದಲು ಲೋಹವನ್ನು ಬೆತ್ತಲೆ ಮಾಡುವ ಕೆಲಸ. ಅಪ್ಪ, ಚಿಕ್ಕಪ್ಪ ಇಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸರದಿಯ ಮೇಲೆ ಪೈಪಿನ ತುದಿಯ ನಾಝಲ್ ಹಿಡಿಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ರೆಪ್ಪೆಗಳೂ ಬೆಳ್ಳಗಿರುತ್ತಿದ್ದವು. ಮಕ್ಕಳಿಗೆ ಅದು ತಮಾಷೆ. ಅಪ್ಪ ಕೊನೆಕೊನೆಗೆ ಮೆಟ್ಟಿಲು ಹತ್ತಲಾರದೆ ಕೆಳಗಿನ ಕೋಣೆಗೆ ಹಾಸಿಗೆ ಇಳಿಸಿದರು, ಮಲಗಲಾರದೆ ಹಾಸಿಗೆಯಲ್ಲಿ ಕೂತರು, ಕೂರಲಾರದೆ ಹೋದರು. ಮನೆಯವರೆಲ್ಲ ಅದಕ್ಕೆ ಹವಾಮಾನ ಎಂದು ಹೆಸರಿಟ್ಟರು. ತೇವದ ಮನೆ ಅಂದರು, ಸಿಗರೇಟು ಅಂದರು. ಅಪ್ಪ ಸಿಗರೇಟು ಸೇದಿದವರೇ ಅಲ್ಲ. ಡಾಕ್ಟರು ಮಾತ್ರ ಅವಳನ್ನು ಹೊರಗೆ ಕರೆದು ಹೇಳಿದ್ದರು: ಮರಳು ರಭಸಕ್ಕೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತದೆ, ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಕೂರುತ್ತದೆ, ಕೂತರೆ ಏಳುವುದಿಲ್ಲ.

ಅಂದಿನಿಂದ ಅವಳು ಮರಳಿನ ಬದಲಿಗೆ ಏನು ಎಂದು ಹುಡುಕುತ್ತಲೇ ಇದ್ದಳು. ತಾಮ್ರ ಕರಗಿಸಿ ಉಳಿದ ಗಸಿಯ ಪುಡಿ ತರಿಸಿದಾಗ ಅಂಗಳವೆಲ್ಲ ಕಪ್ಪಾಯಿತು. ಅದರಲ್ಲಿ ಇನ್ನೇನೇನು ವಿಷವಿದೆಯೋ ಎಂದು ವಿಚಾರಿಸಿದರೆ ಮಾರಿದವನೇ ಉತ್ತರ ಕೊಡದೆ ಜಾರಿಕೊಂಡ. ಉಕ್ಕಿನ ಕಾಳು ತಂದರೆ ಮುಚ್ಚಿದ ಕೋಣೆ ಬೇಕು. ಇವರ ತೆರೆದ ಅಂಗಳದಲ್ಲಿ ಒಂದು ಮಳೆಗೆ ಅದು ತಾನೇ ತುಕ್ಕು ಹಿಡಿದು ಗಡ್ಡೆ ಕಟ್ಟಿತು. "ತುಕ್ಕು ತೆಗೆಯೋದಕ್ಕೆ ತುಕ್ಕು ತಂದಿದಾಳೆ" ಎಂದು ಚಿಕ್ಕಪ್ಪ ವಾರವೆಲ್ಲ ನಗಾಡಿದರು. ಗಾಜಿನ ಪುಡಿಗೆ ಬಾಟಲಿ ಪುಡಿ ಎಂದು ಹೆಸರಿಟ್ಟು ಗುಡುಗು ಅದರ ಹತ್ತಿರವೇ ಸುಳಿಯಲಿಲ್ಲ. ಕೊನೆಗೆ ಗಾರ್ನೆಟ್. ದಾಳಿಂಬೆಯ ಬಣ್ಣದ, ತೂಕದ, ಗಟ್ಟಿ ಹರಳು. ಧೂಳು ಕಡಿಮೆ, ಒಡೆಯುವುದು ಕಡಿಮೆ, ಗುಡಿಸಿ ಜರಡಿ ಹಿಡಿದರೆ ಮತ್ತೆ ಮತ್ತೆ ಬಳಸಬಹುದು. ಹಾಗೆಂದು ಟೋಪವಿಲ್ಲದೆ ಮೂಗು ಒಡ್ಡುವಂಥದ್ದೂ ಅಲ್ಲ ಎಂದು ಅವಳು ಸಾರಿ ಸಾರಿ ಹೇಳಿದ್ದಳು. ಅವರಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು, ಗುಡಿಸಬೇಕು.

ಆ ಮಧ್ಯಾಹ್ನ ಅವಳು ಬರ್ತೀನಿ ಅಂದವನಿಗೆ ಕಾಯಲಿಲ್ಲ. ಹಿಂದಿನ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆದು, ಗಾರೆಗೆ ಬೇಕಾದರೆ ಇಷ್ಟೂ ಮರಳು ಒಯ್ಯಿ ಎಂದಳು. ಅವನು ಇದರಲ್ಲಿ ಏನೋ ಮೋಸವಿದೆ ಎಂಬಂತೆ ರಾಶಿಯನ್ನು ಸುತ್ತು ಹಾಕಿ ನೋಡಿ, ಟ್ರ್ಯಾಕ್ಟರು ತಂದ. ಚಿಕ್ಕಪ್ಪ ಟವೆಲು ಹೆಗಲಿಗೆ ಹಾಕಿಕೊಂಡು, ಬಳಗದವರನ್ನು ಬೀಳ್ಕೊಡುವವರಂತೆ ಗೇಟಿನವರೆಗೆ ಹೋಗಿ ನಿಂತರು.

ಮರುದಿನ ಚೀಲಗಳ ಹೊಲಿಗೆ ಬಿಚ್ಚಿದ್ದು ಅವಳೇ. ಹೊಸ ಟೋಪವನ್ನು ಚಿಕ್ಕಪ್ಪನ ತಲೆಗೆ ಹಾಕಿ ಬಕಲು ಬಿಗಿದದ್ದೂ ಅವಳೇ. ಶಾಲೆಗೆ ಹೊರಟ ಮಗುವಿನಂತೆ ಅವರು ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಪಾಟಿನ ಕೆಳಗಿನ ವಾಲ್ವನ್ನು ಅಭ್ಯಾಸದಂತೆ ಪೂರ್ತಿ ತೆರೆದರು. ಕಾಳು ಬಳಬಳನೆ ಸುರಿದು ಪೈಪು ಬಿಕ್ಕಿತು, ನಾಝಲು ಉಗುಳಿತು, ನಿಂತಿತು.

"ನೋಡಿದ್ಯಾ?" ಎಂದರು, ಟೋಪದ ಗಾಜಿನ ಹಿಂದಿನಿಂದ. ಆ ಒಂದು ಮಾತಿನಲ್ಲಿ ಎಷ್ಟು ಸಂತೋಷವಿತ್ತೆಂದರೆ ಅವಳಿಗೆ ಮೈಯೆಲ್ಲ ಉರಿಯಿತು.

"ಇದು ಮರಳಿಗಿಂತ ಭಾರ ಚಿಕ್ಕಪ್ಪ. ಕಾಳು ಕಮ್ಮಿ, ಗಾಳಿ ಜಾಸ್ತಿ. ವಾಲ್ವು ಸಣ್ಣಗೆ ಮಾಡಿ ಅಂತ ನಿನ್ನೆ ಹೇಳ್ದೆ, ಮೊನ್ನೆ ಹೇಳ್ದೆ, ಅದರ ಹಿಂದಿನ ದಿನ..."

"ನೀನು ಹೇಳ್ತಾನೇ ಇರ್ತೀಯಲ್ಲ, ಯಾವುದು ಅಂತ ಕೇಳೋದು?"

ಅವಳು ತಾನೇ ವಾಲ್ವು ತಿರುಗಿಸಿದಳು. ಚಿಕ್ಕಪ್ಪ ಟ್ಯಾಂಕಿಗಿಳಿದರು, ಗುಡುಗು ಯಂತ್ರ ಹಾಕಿದ. ಈ ಸಲ ಪೈಪು ಒಂದೇ ಸಮನೆ ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಕಿಂಡಿಯಿಂದ ತಲೆ ಹೊರಗೆ ಹಾಕಿ, ಭಿಕ್ಷೆ ನೀಡುವವರಂತೆ, "ಪರವಾಗಿಲ್ಲ" ಎಂದು ಮತ್ತೆ ಒಳಗಿಳಿದರು. ಇಪ್ಪತ್ತು ಜನರ ಚಪ್ಪಾಳೆಯಷ್ಟು ಬೆಲೆಯಿತ್ತು ಆ ಮಾತಿಗೆ. ಆದರೆ ಅವಳು ಮುಖದಲ್ಲಿ ತೋರಿಸಲಿಲ್ಲ.

ಗೋಳು ಶುರುವಾದದ್ದು ಆಮೇಲೆ. ಮರಳಿನ ಕಾಲದಲ್ಲಿ ಬಿದ್ದದ್ದನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಕೆಲಸವೆಲ್ಲ ಮುಗಿದ ಮೇಲೆ ಕೂಲಿಯವರು ಬಂದು ಎಳೆದು ಹಾಕುತ್ತಿದ್ದರು. ಈಗ ಚೀಲಗಳಿದ್ದದ್ದು ಕೆಲವೇ. ಪಾಟು ಬರಿದಾದಾಗಲೆಲ್ಲ ಟ್ಯಾಂಕಿನ ತಳದ ಕಾಳನ್ನು ಬಕೆಟಿಗೆ ತುಂಬಿ ಮೇಲೆ ಕಳಿಸಬೇಕು, ಅದನ್ನು ಜರಡಿ ಹಿಡಿದು ಮತ್ತೆ ಪಾಟಿಗೆ ಸುರಿಯಬೇಕು. ಗುಡುಗಿನ ಹೊಟ್ಟೆ ಆ ಕಿಂಡಿಯಲ್ಲಿ ಹಿಡಿಸುತ್ತಿರಲಿಲ್ಲ. ಹಿಡಿಸುತ್ತದೆ ಎಂದು ಒಮ್ಮೆ ಹಟ ಮಾಡಿ, ಸಿಕ್ಕಿಬಿದ್ದು, ಅವನನ್ನು ಹೊರಗೆಳೆಯುವುದೇ ಒಂದು ಹರಸಾಹಸವಾಗಿತ್ತು. ಹಾಗಾಗಿ ಅವನು ಮೇಲೆ ನಿಂತು ಹಗ್ಗ ಎಳೆಯುವುದು, ಚಿಕ್ಕಪ್ಪ ಒಳಗೆ ತುಂಬುವುದು, ಅವಳು ಕೆಳಗೆ ಜರಡಿ ಹಿಡಿಯುವುದು ಎಂದಾಯಿತು.

ಬಕೆಟುಗಳು ಅರ್ಧ ತುಂಬಿ ಬಂದವು. ಆಮೇಲೆ ಕಾಲು ಭಾಗ. ಆಮೇಲೆ ಬರುವುದೇ ನಿಂತಿತು.

"ಏನು ಮಾಡ್ತಿದಾರೆ ಒಳಗೆ?" ಎಂದಳು.

"ಏನೂ ಮಾಡ್ತಿಲ್ಲ!" ಎಂದು ಗುಡುಗು ಊರಿಗೆಲ್ಲ ತಿಳಿಸಿದ.

ಅವಳಿಗೆ ರೇಗಿಹೋಯಿತು. ಇದು ಹಟ, ಬೇರೇನೂ ಅಲ್ಲ. ಗುಡಿಸುವುದು ತಮ್ಮ ಘನತೆಗೆ ಕಡಿಮೆಯೆಂದು ಒಳಗೆ ಕೈಕಟ್ಟಿ ಕೂತಿದ್ದಾರೆ. ಅವಳು ಸೋತು ಮರಳಿಗೆ ಮರಳಲಿ ಎಂದು ಕಾಯುತ್ತಿದ್ದಾರೆ. ಜರಡಿ ಬಿಸುಟು ಏಣಿ ಹತ್ತಿದಳು. ಹೇಳಬೇಕಾದ್ದೆಲ್ಲ ಮೆಟ್ಟಿಲಿಗೊಂದರಂತೆ ಬಾಯಿಗೆ ಬಂದು ಕೂತಿತ್ತು: ಅಪ್ಪ ಹೋದದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ, ನಾನೊಬ್ಬಳೇ ಎಷ್ಟು ಜನರ ಹಟ ಹೊರಲಿ, ನಿಮಗಾಗಿ ಅಲ್ಲದೆ ಇದನ್ನೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ. ಕಿಂಡಿಯಲ್ಲಿ ಕಾಲು ಇಳಿಬಿಟ್ಟು ಒಳ ಏಣಿಯ ಮೇಲೆ ನಿಂತು ಟಾರ್ಚು ಹಾಕಿದಳು.

ಚಿಕ್ಕಪ್ಪ ಮಂಡಿಯೂರಿದ್ದರು. ಟೋಪ ಪಕ್ಕದಲ್ಲಿತ್ತು. ಹಣೆಯನ್ನು ಟ್ಯಾಂಕಿನ ಗೋಡೆಗೆ ಒತ್ತಿ, ಒಂದು ಕೈಯಲ್ಲಿ ಸಲಿಕೆಯ ಹಿಡಿಯನ್ನು ಊರುಗೋಲಿನಂತೆ ಹಿಡಿದು, ಉಸಿರಿಗಾಗಿ ಹೆಣಗುತ್ತಿದ್ದರು. ಒಂದೊಂದು ಉಸಿರಿಗೂ ಹೆಗಲು ಕಿವಿಯವರೆಗೆ ಏರಿ ಇಳಿಯುತ್ತಿತ್ತು. ಆ ಹೆಗಲು ಏರುವ ರೀತಿ ಅವಳಿಗೆ ಗೊತ್ತಿತ್ತು. ಕೆಳಗಿನ ಕೋಣೆಯ ಹಾಸಿಗೆಯಲ್ಲಿ ಕೂತವರ ಹೆಗಲು ಹಾಗೇ ಏರುತ್ತಿತ್ತು.

ಬೆಳಕು ಕಂಡು ಅವರು ಗಡಬಡಿಸಿ ತಲೆಯೆತ್ತಿದರು. ಮಾತು ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾಕೆ ಬಂದೆ... ಬರೀ ಮುಖದಲ್ಲಿ? ಮೊದ್ಲು ಮಾಸ್ಕ್ ಹಾಕ್ಕೊಂಡು ಬಾ."

ಅವಳು ಟಾರ್ಚನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೆಳಗಿಳಿದು ಅವರ ಕೈಯಿಂದ ಸಲಿಕೆ ಬಿಡಿಸಿಕೊಂಡಳು. ಬೆರಳುಗಳು ಒಂದೊಂದಾಗಿ ಬಿಟ್ಟವು.

"ಎಷ್ಟು ದಿನದಿಂದ ಹೀಗೆ?"

"ಹೀಗೆ ಅಂದ್ರೆ? ಬಗ್ಗಿದ್ರೆ ಮಾತ್ರ. ನಿಂತು ಹೊಡಿಯೋದಕ್ಕೆ ಏನೂ ಆಗಲ್ಲ." ಉಸಿರೆಳೆದುಕೊಂಡರು. "ಮರಳಾದ್ರೆ ಬಿಟ್ಟು ಬರ್ತಿದ್ದೆ."

ಅವಳು ಬಕೆಟು ತುಂಬಿದಳು. ವಾರಗಟ್ಟಲೆ ನಡೆದ ಜಗಳವೆಲ್ಲ, ಕೆಂಪು ಪುಡಿ ಹಿಡಿಯಲ್ಲ, ನುಣುಪು ಬರಲ್ಲ, ಪೈಪು ಕಟ್ಟತ್ತೆ ಎಂದಿದ್ದೆಲ್ಲ, ಬಗ್ಗಲಾರದ ಈ ಒಂದು ಸಂಗತಿಯನ್ನು ಮುಚ್ಚಲು ಹೊದಿಸಿದ ಬಟ್ಟೆ. ಅದು ಈಗ ತಿಳಿಯಿತು ಎಂಬುದಕ್ಕೂ ಅವಳಿಗೆ ಸಿಟ್ಟೇ ಬಂತು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಈ ಮನೆಯಲ್ಲಿ ಗಂಡಸರು ಉಸಿರು ನಿಲ್ಲುವವರೆಗೂ ಬಾಯಿ ಬಿಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದಾರೇನು?

ಹೊರಗೆ ಬಂದು ಅವರನ್ನು ಗುಡುಗಿನ ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಟ್ಟಳು.

"ನಾಳೆ ಎಕ್ಸ್‌ರೇ ತೆಗೆಸೋಣ."

"ಸುತರಾಂ ಇಲ್ಲ. ತೆಗೆಸಿದ್ರೆ ಏನಾದ್ರೂ ಒಂದು ಇದೆ ಅಂತಾರೆ."

"ಇದ್ರೆ ತಾನೇ ಅನ್ನೋದು?"

"ನಿಮ್ಮಪ್ಪ ತೆಗೆಸಿದ. ಆಮೇಲೆ ಎಷ್ಟು ದಿನ ಇದ್ದ? ತೆಗೆಸಿದ್ರಿಂದ್ಲೇ ಹೋದ."

"ಹೌದು, ಆ ಕ್ಯಾಮೆರಾನೇ ಕೊಂದಿದ್ದು! ಮರಳಿಗೂ ಅದಕ್ಕೂ ಸಂಬಂಧವೇ ಇಲ್ಲ!" ಅವಳ ದನಿ ಏರಿತು. "ಚಿಕ್ಕಪ್ಪ, ನಿಮ್ಮ ಜೊತೆ ಮಾತಾಡೋದೂ ಒಂದೇ, ಆ ಟ್ಯಾಂಕಿಗೆ ಹಣೆ ಚಚ್ಚಿಕೊಳ್ಳೋದೂ ಒಂದೇ."

"ಟ್ಯಾಂಕು ಅಂದ್ಯಲ್ಲ, ಅದನ್ನ ಯಾರು ಮುಗಿಸ್ತಾರೆ? ನಾನು ಆಸ್ಪತ್ರೇಲಿ ಕೂತ್ರೆ?"

"ನಾನು."

ಚಿಕ್ಕಪ್ಪ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮುಗಿದ ಮೇಲೂ ಕಣ್ಣಲ್ಲಿ ನಗು ಉಳಿದಿತ್ತು. "ನೀನು ಆ ಟ್ಯಾಂಕು ಮುಗಿಸು. ಕಾರ್ಖಾನೆಯಿಂದ ನೋಡೋಕೆ ಬರೋ ಆ ಕನ್ನಡಕದೋನು ಸೈ ಅನ್ಲಿ. ಆಗ ನಾನು ಎಕ್ಸ್‌ರೇಗೂ ಬರ್ತೀನಿ, ಬೇಕಾದ್ರೆ ಫೋಟೋ ಸ್ಟುಡಿಯೋಗೂ ಬರ್ತೀನಿ."

ಅವಳು ಟೋಪ ತೊಟ್ಟಳು. ಚಿಕ್ಕಂದಿನಿಂದ ನೋಡಿದ ಕೆಲಸ, ಆದರೆ ನೋಡುವುದೇ ಬೇರೆ. ಮೊದಲ ಸಲ ಗಾಳಿ ಬಂದಾಗ ನಾಝಲು ಅವಳನ್ನೇ ಹಿಂದಕ್ಕೆ ದಬ್ಬಿ ಟ್ಯಾಂಕಿನ ಗೋಡೆಗೆ ಒರಗಿಸಿತು. ಒಂದೇ ಕಡೆ ಹೊಡೆದು ಕುಳಿ ಮಾಡಿದಳು, ಇನ್ನೊಂದು ಕಡೆ ತುಕ್ಕನ್ನು ಹಾಗೇ ಬಿಟ್ಟಳು. ಎರಡು ಪಾಟು ಮುಗಿಯುವವರೆಗೆ ಚಿಕ್ಕಪ್ಪ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಆಮೇಲೆ ತಡೆಯಲಾಗಲಿಲ್ಲ. ಸದ್ದು ಕೇಳಿಯೇ ಅವರಿಗೆ ಒಳಗಿನ ಅನಾಹುತವೆಲ್ಲ ಕಾಣುತ್ತಿತ್ತು. ಹೊರಗಿನಿಂದ ಸುತ್ತಿಗೆಯಲ್ಲಿ ಟ್ಯಾಂಕು ಬಡಿದು ಯಂತ್ರ ನಿಲ್ಲಿಸಿದರು.

"ಓರೆಯಾಗಿ ಹಿಡಿ! ಗೋಡೆಗೆ ನೀರು ಹಾಕ್ತಿದೀಯಾ? ಒಂದು ಮೊಳ ದೂರ ನಿಲ್ಲು! ಕೈ ಬೀಸು, ಸೊಂಟದಿಂದ ಬೀಸು!"

"ಬೀಸ್ತಿದೀನಿ!"

"ಅದು ಬೀಸೋದಲ್ಲ, ನೊಣ ಓಡಿಸೋದು!"

ಗುಡುಗು ಇಬ್ಬರ ಮಾತನ್ನೂ ಇನ್ನಷ್ಟು ಜೋರಾಗಿ ಇಬ್ಬರಿಗೂ ಮುಟ್ಟಿಸುತ್ತಿದ್ದ. ಗಂಡ ಬಂದು ನೋಡಿ, ಬರ್ತೀನಿ ಅಂದವನು ಫೋನೇ ಎತ್ತುತ್ತಿಲ್ಲ ಎಂದ. ಆ ಮರಳು ಯಾವಾಗಲೋ ಹೋಯಿತೆಂದು ಯಾರೂ ಅವನಿಗೆ ಹೇಳಲಿಲ್ಲ. ಅವನ ಕೈಗೆ ಜರಡಿ ಕೊಟ್ಟರು.

ಟ್ಯಾಂಕು ಕೊಡಬೇಕಾದ ದಿನಕ್ಕೆ ಮುಗಿಯಲಿಲ್ಲ. ಗಂಡ ಕಾರ್ಖಾನೆಯವರ ಜೊತೆ ಮಾತಾಡಿದ, ಅದೊಂದು ಅವನಿಗೆ ಬರುತ್ತಿತ್ತು. ಕೊನೆಗೆ ಕನ್ನಡಕದವನು ಬಂದು ಕಿಂಡಿಯಲ್ಲಿ ಇಳಿದು, ಬೆರಳಾಡಿಸಿ, ದೀಪ ಹಿಡಿದು, ಎರಡು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಲ್ಲಿ ಮತ್ತೊಂದು ಕೈ ಹೊಡೆಯಿರಿ, ಉಳಿದದ್ದು ಸರಿಯಿದೆ ಎಂದ. ಗುರುತು ಹಾಕಿದ ಜಾಗಗಳೆರಡೂ ಚಿಕ್ಕಪ್ಪ ಮೊದಲ ದಿನ ಮರಳಿನಲ್ಲಿ ಹೊಡೆದವು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಇರಲು ಪಟ್ಟ ಕಷ್ಟ ಟ್ಯಾಂಕು ಹೊಡೆದದ್ದಕ್ಕಿಂತ ಹೆಚ್ಚಾಗಿತ್ತು.

ಎಕ್ಸ್‌ರೇ ಕೇಂದ್ರದಲ್ಲಿ ಚಿಕ್ಕಪ್ಪ ಎಲ್ಲದಕ್ಕೂ ಕ್ಯಾತೆ ತೆಗೆದರು. ಕುರ್ಚಿ ಗಟ್ಟಿ ಎಂದರು, ಫ್ಯಾನಿನಲ್ಲಿ ಧೂಳಿದೆ ಎಂದರು. ಅಂಗಿ ಬಿಚ್ಚಿ ಎಂದಾಗ, ಹಲ್ಲುನೋವಿಗೆ ಬಂದವರಿಗೂ ಅಂಗಿ ಬಿಚ್ಚಿಸುತ್ತೀರಾ ಎಂದು ಕೇಳಿದರು. ನೀವು ಹಲ್ಲುನೋವಿಗೆ ಬಂದಿಲ್ಲವಲ್ಲ ಎಂದಳು ಎಕ್ಸ್‌ರೇಯವಳು, ತಲೆಯೆತ್ತದೆ. ಅವರು ಅಂಗಿ ಬಿಚ್ಚಿ ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳ ಮಡಿಲಿಗೆ ಹಾಕಿದರು. ಅವರ ಪಕ್ಕೆಲುಬುಗಳನ್ನು ಅವಳು ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣಗಿದ್ದರೇ ಇವರು?

"ಹೆದರಬೇಡ, ಬಂದೆ" ಎಂದು ಅವಳಿಗೇ ಧೈರ್ಯ ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಕಾರಿಡಾರಿನ ಬೆಂಚಿನ ಮೇಲೆ ಅವಳೊಬ್ಬಳೇ ಇದ್ದಳು. ಆ ತುದಿಯಿಂದ ಒಬ್ಬ ಹೆಂಗಸು ನೆಲ ಒರೆಸುತ್ತ ಬರುತ್ತಿದ್ದಳು. ಬಾಗಿಲಿನ ಆಚೆಯಿಂದ ಎಕ್ಸ್‌ರೇಯವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಗದ್ದ ಮೇಲೆ ಇಡಿ. ಹೆಗಲು ಮುಂದೆ. ಜೋರಾಗಿ ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ."

ಕೆಮ್ಮು.

"ಪರವಾಗಿಲ್ಲ. ಇನ್ನೊಂದ್ಸಲ. ಎಳ್ಕೊಳ್ಳಿ... ಹಿಡ್ಕೊಳ್ಳಿ, ಬಿಡಬೇಡಿ..."

ಮತ್ತೆ ಕೆಮ್ಮು. ಚಿಕ್ಕಪ್ಪ ಏನೋ ಹೇಳಿದರು, ತಮಾಷೆಯೇ ಇರಬೇಕು. ಈ ಸಲ ಎಕ್ಸ್‌ರೇಯವಳ ದನಿ ಮೆತ್ತಗಾಗಿತ್ತು. "ಸ್ವಲ್ಪ ಸುಧಾರಿಸಿಕೊಳ್ಳಿ. ಅವಸರ ಇಲ್ಲ."

ನೆಲ ಒರೆಸುವವಳು ಬೆಂಚಿನ ಹತ್ತಿರ ಬಂದು ನಿಂತು, "ಕಾಲು" ಎಂದಳು. ಅವಳು ಎರಡೂ ಕಾಲನ್ನು ಮೇಲೆತ್ತಿದಳು.

"ಈಗ ಎಳ್ಕೊಳ್ಳಿ" ಎಂದಿತು ಒಳಗಿನ ದನಿ. "ಹಿಡ್ಕೊಳ್ಳಿ. ಹಾಗೇ... ಹಾಗೇ..."

ಒರೆಸುವವಳು ಬೆಂಚಿನ ಅಡಿಯನ್ನು ಒರೆಸಿ, ಬಕೆಟು ಎತ್ತಿಕೊಂಡು ಮುಂದೆ ಹೋಗಿ, ಕಾರಿಡಾರಿನ ತಿರುವಿನಲ್ಲಿ ಮರೆಯಾದಳು. ನೆಲ ಆರತೊಡಗಿತು. ಅಂಗಿಯನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡದೆ, ಕಾಲು ಇನ್ನೂ ಕೆಳಗಿಡದೆ ಅವಳು ಕೂತೇ ಇದ್ದಳು.